ಸೋಲದ ತಂಡಕ್ಕೆ ಬಾರದ ಕರೆಯೋಲೆ

ಒಂಬತ್ತು ಆಟ ಆಡಿದರು, ಒಂಬತ್ತೂ ಗೆದ್ದರು. ಆಮೇಲೆ ಕಾಲೇಜಿನವರು ತಂಡವನ್ನೇ ಮುಚ್ಚಿಬಿಟ್ಟರು. 1951ರ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕಥೆ ಇಷ್ಟೇ ಅಂದರೆ ಇಷ್ಟೇ. ಆದರೆ ಒಂಬತ್ತನೇ ಗೆಲುವಿಗೂ ಆ ಬೀಗಕ್ಕೂ ನಡುವೆ ಒಂದು ಸಣ್ಣ ಸಂಗತಿ ನಡೆಯಿತು ನೋಡಿ, ಅದನ್ನು ಹೇಳೋಣ ಅಂತಲೇ ಇವತ್ತು ಕೂತಿದ್ದೇನೆ. ಮುಂಬೈಯಲ್ಲಿ ನಲವತ್ತು ವರ್ಷ ಕ್ರಿಕೆಟ್ ಗಲಾಟೆಯಲ್ಲೇ ಕಳೆದ ನನ್ನಂಥವನಿಗೆ ಈ ಆಟದ ಹುಚ್ಚು ಹಿಡಿಸಿದ್ದು ಅಳಿಯ. ಆಟ ಅರ್ಧಂಬರ್ಧ ತಿಳಿಯಿತು, ಕಥೆ ಮಾತ್ರ ಪೂರ್ತಿ ಹಿಡಿದುಕೊಂಡಿತು.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕದವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗೆ ಅವುಚಿಕೊಂಡು ಓಡುವುದು, ಇಲ್ಲವೇ ಗೆಳೆಯನಿಗೆ ಎಸೆಯುವುದು. ಒಂದೊಂದು ಕಡೆ ಹನ್ನೊಂದು ಜನ, ನೂರು ಗಜದ ಮೈದಾನ. ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ, ಸಾಗದಿದ್ದರೆ ಚೆಂಡು ಎದುರಿನವರಿಗೆ. ಕಬಡ್ಡಿಯ ಹಿಡಿತ ಬಲ್ಲವರಿಗೆ ಅರ್ಧ ಆಟ ಅರ್ಥವಾದ ಹಾಗೇ. ಕಾಲೇಜು ಋತು ಸೆಪ್ಟೆಂಬರಿನಿಂದ ನವೆಂಬರ್ ಕೊನೆಯವರೆಗೆ. ಅದು ಮುಗಿದ ಮೇಲೆ, ಹೊಸ ವರ್ಷದ ಹೊತ್ತಿಗೆ, ಚಳಿ ಕಮ್ಮಿಯಿರುವ ಊರುಗಳಲ್ಲಿ 'ಬೌಲ್' ಅಂತ ವಿಶೇಷ ಪಂದ್ಯಗಳು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಓರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್, ಡಲ್ಲಾಸ್‌ನಲ್ಲಿ ಕಾಟನ್ ಬೌಲ್. ಆ ಕಾಲದಲ್ಲಿ ಅಲ್ಲಿಗೆ ಆಹ್ವಾನ ಬಂದರೇ ಹೋಗಬೇಕು, ಮದುವೆ ಮನೆಯ ಹಾಗೆ. ಆಹ್ವಾನ ಬಂದರೆ ಹೆಸರೂ ಬಂತು, ದುಡ್ಡೂ ಬಂತು. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಎರಡು ದೊಡ್ಡ ಒಕ್ಕೂಟಗಳ ನಡುವೆ ಒಪ್ಪಂದವಾಗಿಹೋಗಿದ್ದರಿಂದ ಹೊರಗಿನವರಿಗೆ ಅಲ್ಲಿ ಬಾಗಿಲೇ ಇರಲಿಲ್ಲ. ಉಳಿದವೆಲ್ಲ ದಕ್ಷಿಣದ ರಾಜ್ಯಗಳಲ್ಲಿ. ಈ 'ದಕ್ಷಿಣ' ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ.

ಜೆಸ್ಯುಯಿಟ್ ಪಾದ್ರಿಗಳು ನಡೆಸುವ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಅಂಥಾ ದೊಡ್ಡ ಸಂಸ್ಥೆಯೇನೂ ಅಲ್ಲ. ತಂಡಕ್ಕೆ ಡಾನ್ಸ್ ಅಂತ ಹೆಸರು. ಕೋಚ್ ಜೋ ಕುಹರಿಚ್ ಹುಡುಗರನ್ನು ಕಾರ್ನಿಂಗ್ ಅನ್ನೋ ಆಲಿವ್ ತೋಟಗಳ ಊರಿಗೆ ಕರೆದೊಯ್ದು ಸುಡುಬಿಸಿಲಲ್ಲಿ ತಾಲೀಮು ಮಾಡಿಸಿದ. ಯಾರ್ಯಾರು ಇದ್ದರು ಅಂತೀರಿ? ಜೀನೋ ಮಾರ್ಕೆಟಿ, ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಹೋರಾಡಿ ಬಂದವನು. ಬಾಬ್ ಸೇಂಟ್ ಕ್ಲೇರ್, ಆರು ಅಡಿ ಒಂಬತ್ತು ಇಂಚು ಎತ್ತರ, ಹಸಿ ಮಾಂಸ ತಿನ್ನುವುದಕ್ಕೆ ಪ್ರಸಿದ್ಧ (ನಮ್ಮಂಥ ಸೊಪ್ಪು ಸದೆಯವರಿಗೆ ಕೇಳಿದರೇ ಹೊಟ್ಟೆ ತೊಳಸುತ್ತೆ!). ತಂಡದ ಪ್ರಚಾರದ ಕೆಲಸಕ್ಕೆ ಪೀಟ್ ರೋಜೆಲ್ ಅನ್ನೋ ತರುಣ. ಪತ್ರಿಕೆಯವರ ಬೆನ್ನು ಹತ್ತುವುದೇ ಅವನ ಉದ್ಯೋಗ. ಇವನ ಹೆಸರು ಮುಂದೆ ಮತ್ತೆ ಬರುತ್ತೆ.

ಇನ್ನು ಇಬ್ಬರು. ಓಲಿ ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಾಸ್‌ನ ಟ್ರಿನಿಟಿಯಲ್ಲಿ, ಬರ್ಲ್ ಟೋಲರ್ ಟೆನೆಸ್ಸಿಯ ಮೆಂಫಿಸ್‌ನಲ್ಲಿ. ಎರಡೂ ದಕ್ಷಿಣದ ಊರುಗಳೇ. ಇಬ್ಬರೂ ಕಪ್ಪು ಜನ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ ಜೊತೆಯಾಗಿ ಆಡಿ, ಅಲ್ಲಿಂದ ಜೊತೆಯಾಗಿಯೇ ಡಾನ್ಸ್‌ಗೆ ಬಂದವರು. ಮ್ಯಾಟ್ಸನ್ ಓಡಿದರೆ ಹಿಡಿಯುವವರಿರಲಿಲ್ಲ. ಆ ವರ್ಷ ಒಂಬತ್ತೇ ಪಂದ್ಯಗಳಲ್ಲಿ 1,566 ಗಜ ಓಡಿ ಇಡೀ ದೇಶಕ್ಕೆ ಮೊದಲಿಗನಾದ, 21 ಟಚ್‌ಡೌನ್ ಗಳಿಸಿದ. ಟೋಲರ್ ತಡೆಯುವ ಕಡೆಯ ಗೋಡೆ.

ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಗೆದ್ದರೂ ನ್ಯೂಯಾರ್ಕಿನ ಪತ್ರಿಕೆಗಳು ತಿರುಗಿ ನೋಡಬೇಕಲ್ಲ. ಅದಕ್ಕೆ ಸಿಕ್ಕ ಒಂದೇ ಅವಕಾಶ ಅಂದರೆ ನ್ಯೂಯಾರ್ಕಿಗೇ ಹೋಗಿ ಫೋರ್ಡಮ್ ವಿರುದ್ಧ ಆಡಿದ ಪಂದ್ಯ. 32–26, ಜೀವ ಕೈಯಲ್ಲಿ ಹಿಡಿದು ಗೆದ್ದ ಗೆಲುವು. ಎದುರಾಳಿ ಒದ್ದ ಚೆಂಡನ್ನು ಹಿಡಿದು ಮ್ಯಾಟ್ಸನ್ ಎರಡು ಸಲ ಹೆಚ್ಚುಕಮ್ಮಿ ಇಡೀ ಮೈದಾನ ಓಡಿದ. ಆಮೇಲೆ ಬಲಿಷ್ಠ ಅನಿಸಿಕೊಂಡಿದ್ದ ಕಾಲೇಜ್ ಆಫ್ ಪೆಸಿಫಿಕ್ ತಂಡವನ್ನು 47–14ರಿಂದ ಬಡಿದರು. ಕೊನೆಯದು ಲೊಯೋಲಾ ವಿರುದ್ಧ, ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ, 20–2. ದೇಶದ ಪಟ್ಟಿಯಲ್ಲಿ 14ನೇ ಸ್ಥಾನ. ಇನ್ನೇನು, ಕರೆಯೋಲೆ ಬರುವುದೊಂದೇ ಬಾಕಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ ಋತುವಿನಲ್ಲಿ, 1951ರ ಅಕ್ಟೋಬರ್ 20ರಂದು, ಓಕ್ಲಹೋಮಾದ ಸ್ಟಿಲ್‌ವಾಟರ್ ಊರಿನಲ್ಲಿ ಇನ್ನೊಂದು ಪಂದ್ಯ ನಡೆದಿತ್ತು. ಡ್ರೇಕ್ ವಿಶ್ವವಿದ್ಯಾಲಯದ ಜಾನಿ ಬ್ರೈಟ್ ಅನ್ನೋ ಕಪ್ಪು ಆಟಗಾರನನ್ನು ಎದುರಾಳಿಯೊಬ್ಬ, ಚೆಂಡು ಅವನ ಕೈಬಿಟ್ಟು ಹೋದ ಮೇಲೂ, ಬಂದು ಬಂದು ಮುಖಕ್ಕೇ ಗುದ್ದಿದ. ಮೊದಲ ಏಳೇ ನಿಮಿಷದಲ್ಲಿ ಬ್ರೈಟ್ ಮೂರು ಸಲ ಎಚ್ಚರ ತಪ್ಪಿ ಬಿದ್ದ. ದವಡೆ ಮುರಿಯಿತು. ಹೊಡೆದದ್ದೆಲ್ಲ ಫೋಟೋಗಳಲ್ಲಿ ಸಿಕ್ಕಿಹಾಕಿಕೊಂಡಿತು, ಆ ಫೋಟೋಗಳಿಗೆ 1952ರಲ್ಲಿ ಪುಲಿಟ್ಜರ್ ಬಹುಮಾನವೂ ಬಂತು. ಕ್ಷಮೆ ಯಾವಾಗ ಬಂತು ಗೊತ್ತೇ? 2005ರಲ್ಲಿ! ಅಷ್ಟರಲ್ಲಿ ಬ್ರೈಟ್ ತೀರಿಹೋಗಿ ಇಪ್ಪತ್ತು ವರ್ಷ ದಾಟಿತ್ತು. ದೇಶದ ಗಾಳಿ ಹಾಗಿತ್ತು.

ಡಾನ್ಸ್‌ಗೆ ಬೌಲ್ ಆಹ್ವಾನದ ಮಾತು ಬಂತು, ಜೊತೆಗೊಂದು ಷರತ್ತೂ ಬಂತು. ತಂಡ ಬರಲಿ, ಆ ಇಬ್ಬರು ಮನೆಯಲ್ಲೇ ಇರಲಿ. ಆರೆಂಜ್ ಬೌಲ್ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಇಂಥ ಷರತ್ತನ್ನು ಯಾರು ತಾನೇ ಕಾಗದದ ಮೇಲೆ ಬರೆದು ರುಜು ಹಾಕಿ ಕಳಿಸುತ್ತಾರೆ? ಬಾಯಿಂದ ಬಾಯಿಗೆ ಹೇಳಿ ಕಳಿಸುವ ಮಾತು ಅದು. ಕೋಚ್ ವಿಷಯವನ್ನು ಹುಡುಗರ ಮುಂದಿಟ್ಟ. ಆ ಇಬ್ಬರಿಲ್ಲದೆ ನಾವಿಲ್ಲ ಅಂದರು. ಚರ್ಚೆಯಿಲ್ಲ, ಕೈಯೆತ್ತುವ ಮತದಾನವಿಲ್ಲ. ಮುಪ್ಪಿನಲ್ಲಿ ಸಂದರ್ಶಕರು ಕೇಳಿದಾಗಲೂ ಆ ಆಟಗಾರರು ಹೇಳಿದ್ದು ಇಷ್ಟೇ, ಅದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ ಅಂತ.

ನನಗೆ ಕಾಡುವುದು ಮ್ಯಾಟ್ಸನ್ ಮತ್ತು ಟೋಲರ್ ಆ ಹೊತ್ತಿನಲ್ಲಿ ಹೇಗೆ ಕೂತಿದ್ದಿರಬಹುದು ಅನ್ನೋದು. ಗೆಳೆಯರು ತಮಗಾಗಿ ಜೀವಮಾನದ ಅವಕಾಶ ಬಿಡುತ್ತಿದ್ದಾರೆ. ಅವಮಾನ ಆದದ್ದು ನಿಮಗೆ, ಋಣ ಹೊರುವವರೂ ನೀವೇ. ಬೇಡ, ನೀವು ಹೋಗಿ ಬನ್ನಿ ಅನ್ನೋದೂ ಕಷ್ಟ, ಸುಮ್ಮನಿರೋದೂ ಕಷ್ಟ. ಮುಂಬೈಯಲ್ಲಿ ಕ್ರಿಕೆಟ್ ಇತಿಹಾಸ ಓದಿದವರಿಗೆ ಪಾಲ್ವಣಕರ್ ಬಾಲೂ ನೆನಪಾಗದೆ ಇರಲಾರ. ನಮ್ಮ ಧಾರವಾಡದಲ್ಲಿ ಹುಟ್ಟಿದ ಆ ದಲಿತ ಬೌಲರ್ ಹಿಂದೂ ತಂಡಕ್ಕೆ ವಿಕೆಟ್ ಮೇಲೆ ವಿಕೆಟ್ ಕಿತ್ತುಕೊಟ್ಟರೂ ನಾಯಕತ್ವ ಮಾತ್ರ ಸಿಗಲಿಲ್ಲ. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಹಾಗಂತ ಡಾನ್ಸ್ ಹುಡುಗರೇ ಮೊದಲಿಗರು ಅಂತ ಹೇಳಿದರೆ ತಪ್ಪಾದೀತು. 1946ರಲ್ಲೇ ಪೆನ್ ಸ್ಟೇಟ್ ತಂಡ ತನ್ನ ಕಪ್ಪು ಆಟಗಾರರನ್ನು ಬಿಟ್ಟು ಬರಲಾರೆ ಅಂತ ಮಯಾಮಿಯ ಪಂದ್ಯವನ್ನೇ ರದ್ದು ಮಾಡಿತ್ತು. 1948ರ ಕಾಟನ್ ಬೌಲ್‌ನಲ್ಲಿ ಅದೇ ಪೆನ್ ಸ್ಟೇಟ್ ಪರವಾಗಿ ಇಬ್ಬರು ಕಪ್ಪು ಹುಡುಗರು ಡಲ್ಲಾಸ್‌ನಲ್ಲಿ ಆಡಿಯೂ ಆಡಿದರು, ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ ಆರೆಂಜ್ ಬೌಲ್ ಬಾಗಿಲು ತೆರೆದದ್ದು 1955ಕ್ಕೆ, ಶುಗರ್ ಬೌಲ್ 1956ಕ್ಕೆ. ಆಗಲೂ ಜಾರ್ಜಿಯಾದ ಗವರ್ನರ್ ತಮ್ಮ ರಾಜ್ಯದ ತಂಡ ಅಂಥವರ ಜೊತೆ ಆಡಕೂಡದು ಅಂತ ಕೂಗಾಡಿದ್ದರು.

ಬೌಲ್ ಸಿಕ್ಕಿದ್ದರೆ ಆ ದುಡ್ಡಿನಿಂದ ತಂಡ ಉಳಿಯುತ್ತಿತ್ತು ಅಂತ ಬಹಳ ಜನ ಬರೆಯುತ್ತಾರೆ. ನನಗೇನೋ ಅಷ್ಟು ನಂಬಿಕೆಯಿಲ್ಲ. ಫುಟ್‌ಬಾಲ್‌ನಿಂದ ಕಾಲೇಜಿಗೆ ಆದ ನಷ್ಟ ಸುಮಾರು 70 ಸಾವಿರ ಡಾಲರ್ ಅಂತ ಲೆಕ್ಕ. 1946ರಿಂದ ಅದೇ ಊರಿನಲ್ಲಿ, ಅದೇ ಕೆಜಾರ್ ಮೈದಾನದಲ್ಲಿ, ಫಾರ್ಟಿನೈನರ್ಸ್ ಅನ್ನೋ ವೃತ್ತಿಪರ ತಂಡ ಆಡುತ್ತಿತ್ತು. ಟೀವಿ ಬೇರೆ ಮನೆಮನೆಗೆ ಬರುತ್ತಿತ್ತು. ಟಿಕೆಟ್ ಕೊಳ್ಳುವವರು ಎಲ್ಲಿ? ಪಕ್ಕದ ಸೇಂಟ್ ಮೇರಿಸ್ ಕಾಲೇಜು 1950ರ ಋತುವಿನ ನಂತರ ಫುಟ್‌ಬಾಲ್ ಬಿಟ್ಟಿತ್ತು, ಸಾಂತಾ ಕ್ಲಾರಾ 1952ರ ನಂತರ ಬಿಟ್ಟಿತು. ಡಾನ್ಸ್ ಸೋಲಿಸಿದ ಆ ಫೋರ್ಡಮ್ ಕೂಡ 1954ರ ನಂತರ ಅಂಗಡಿ ಎತ್ತಿತು. ಒಂದು ಬೌಲ್ ದುಡ್ಡು ಒಂದೆರಡು ವರ್ಷ ಉಸಿರು ಕೊಡುತ್ತಿತ್ತೇನೋ. ಆದರೆ ಕಾಲೇಜಿನ ಗಂಟು ಕರಗುತ್ತಿದೆ ಅನ್ನೋದು ಗುಟ್ಟೇನೂ ಆಗಿರಲಿಲ್ಲ. ಅಷ್ಟು ಗೊತ್ತಿದ್ದೂ ಇಪ್ಪತ್ತರ ಆಚೀಚಿನ ಹುಡುಗರು ಇಲ್ಲ ಅಂದರಲ್ಲ, ನನಗೆ ಅದೇ ದೊಡ್ಡದು.

ಮಗಳ ಮನೆಗೆ ಹೋದಾಗ ಕೆಜಾರ್ ನೋಡಿ ಬಂದೆ. ಸುಮಾರು ಅರವತ್ತು ಸಾವಿರ ಜನ ಹಿಡಿಯುತ್ತಿದ್ದ ಹಳೆಯ ಕಟ್ಟಡವನ್ನು 1989ರಲ್ಲಿ ಕೆಡವಿ, ಈಗ ಹತ್ತು ಸಾವಿರದ ಪುಟ್ಟ ಮೈದಾನ ಮಾಡಿದ್ದಾರೆ. ಬೆಳಗ್ಗೆ ವಾಕಿಂಗಿಗೆ ಬಂದವರೇ ಜಾಸ್ತಿ. ಸೇಂಟ್ ಕ್ಲೇರ್ ಹೆಸರನ್ನು ಆ ಮೈದಾನಕ್ಕೆ ಇಟ್ಟಿದ್ದಾರೆ. ಪಾಪ, ತಂಡ ಮುಚ್ಚಿದಾಗ ಅವನಿಗೆ ಇನ್ನೂ ಒಂದು ವರ್ಷದ ಆಟ ಬಾಕಿಯಿತ್ತು, ಓಕ್ಲಹೋಮಾದ ಟಲ್ಸಾಗೆ ಹೋಗಿ ಮುಗಿಸಿಕೊಂಡ. ಕೋಚ್ ಕುಹರಿಚ್ ಶಿಕಾಗೋದ ವೃತ್ತಿಪರ ತಂಡಕ್ಕೆ ಹೊರಟುಹೋದ.

ಈ ಒಂದೇ ತಂಡದಿಂದ ಒಂಬತ್ತು ಜನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರಿದರು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದವರು, ಮೊದಲಿಬ್ಬರು 1972ರಲ್ಲಿ ಒಟ್ಟಿಗೇ. ಮ್ಯಾಟ್ಸನ್ 1952ರ ಬೇಸಿಗೆಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದ. 2006ರಲ್ಲಿ ವಿಶ್ವವಿದ್ಯಾಲಯ ತಂಡದವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2014ರಲ್ಲಿ ಟೀವಿಯಲ್ಲಿ ಸಾಕ್ಷ್ಯಚಿತ್ರವೂ ಬಂತು. ಅಷ್ಟೊತ್ತಿಗೆ ಮ್ಯಾಟ್ಸನ್, ಟೋಲರ್ ಇಬ್ಬರೂ ಇರಲಿಲ್ಲ.

ಟೋಲರ್ ಕಥೆ ಬೇರೆ ದಾರಿ ಹಿಡಿಯಿತು. 1952ರಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಮಂಡಿ ಮುರಿಯಿತು, ವೃತ್ತಿಪರ ಆಟ ಅಲ್ಲಿಗೇ ಮುಗಿಯಿತು. ಆಮೇಲೆ ಮೇಷ್ಟರಾದರು, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹೆಡ್‌ಮಾಸ್ತರರೂ ಆದರು. (ಹೆಡ್‌ಮಾಸ್ತರರಾದ ಮೇಲೆ ಏಕವಚನದಲ್ಲಿ ಕರೆಯಲು ನಾಲಿಗೆ ಏಳುವುದಿಲ್ಲ, ಕ್ಷಮಿಸಿ.) 1965ರಲ್ಲಿ ಎನ್‌ಎಫ್‌ಎಲ್ ಅವರನ್ನು ತೀರ್ಪುಗಾರರಾಗಿ ತೆಗೆದುಕೊಂಡಿತು, ಆ ಲೀಗಿನ ಮೊದಲ ಕಪ್ಪು ತೀರ್ಪುಗಾರ. ವಾರವೆಲ್ಲ ಶಾಲೆ, ರಜಾದಿನ ಮೈದಾನ. ಇಪ್ಪತ್ತೈದು ಋತು ಹೀಗೇ ನಡೆಸಿದರು.

1980ರ ಜನವರಿ 20ರಂದು ವೃತ್ತಿಪರ ಫುಟ್‌ಬಾಲಿನ ಅತಿ ದೊಡ್ಡ ಪಂದ್ಯ ಸೂಪರ್ ಬೌಲ್ ನಡೆದದ್ದು ಪ್ಯಾಸಡೀನಾದಲ್ಲಿ, ಡಾನ್ಸ್ ತಮ್ಮ ಕೊನೆಯ ಪಂದ್ಯ ಆಡಿದ್ದ ಅದೇ ರೋಸ್ ಬೌಲ್ ಮೈದಾನದಲ್ಲಿ. ಲಕ್ಷಕ್ಕೂ ಮೀರಿ ಜನ. ಆ ಹೊತ್ತಿಗೆ ಇಡೀ ಲೀಗಿನ ಕಮಿಷನರ್ ಪೀಟ್ ರೋಜೆಲ್. ಗಡಿಗೆರೆಯ ಹತ್ತಿರ ಕರಿ-ಬಿಳಿ ಪಟ್ಟೆಯ ಅಂಗಿ ತೊಟ್ಟು ನಿಂತಿದ್ದ ಐವತ್ತೊಂದು ವರ್ಷದ ತೀರ್ಪುಗಾರರು ಬರ್ಲ್ ಟೋಲರ್.