ಬಿಳಿನೆಲದ ತೆರಿಗೆ

ನಾಗಪುರದಿಂದ ಭಂಡಾರಾದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ, ಕನ್ಹಾನ್ ನದಿಯ ತೀರದಲ್ಲಿ, ಇಂದು ತಾಲೂಕು ಕೇಂದ್ರವೂ ನಗರ ಪಂಚಾಯತಿಯೂ ಆಗಿರುವ ಮೌದಾ ಎಂಬ ಊರಿದೆ. ಅದರ ಹೆಸರು ಕೇಳಿದೊಡನೆ ಬಹುಮಂದಿಗೆ ನೆನಪಾಗುವುದು ಸಮೀಪದ 2,320 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರ. ನನಗಾದರೋ ಆ ಸೀಮೆಯಲ್ಲಿ ಕುತೂಹಲವನ್ನು ಹುಟ್ಟಿಸಿದುದು ಮರಾಠಿಯ ಎರಡು ಪುಟ್ಟ ಪದಗಳು: ಉಳುವ ನೆಲ 'ಕಾಳಿ', ಮನೆ ಕಟ್ಟಿದ ನೆಲ 'ಪಾಂಢರಿ'. ತಲೆಮಾರುಗಳ ಒಲೆಯ ಬೂದಿಯೂ ಕುಸಿದ ಗೋಡೆಗಳ ಮಣ್ಣೂ ಬೆರೆತು ಬೆಳ್ಳಗಾದ ಊರನೆಲವೇ ಈ ಪಾಂಢರಿ. ನಮ್ಮ ಬಯಲುಸೀಮೆಯವರು ಮಾಳಿಗೆಗೆ ಹಾಸಲು ಹುಡುಕಿ ತರುವ ಹಾಳುಮಣ್ಣನ್ನು ನೆನೆದರೆ, ಕನ್ನಡಿಗನಿಗೆ ಈ ಪದದ ಅರ್ಥ ಸಲೀಸಾಗಿ ಹೊಳೆಯುತ್ತದೆ. ಕರಿನೆಲದ ಕಂದಾಯವೇ ಬೇರೆ, ಬಿಳಿನೆಲದ ತೆರಿಗೆಯೇ ಬೇರೆ ಎಂಬುದು ಇಲ್ಲಿಯ ಹಳೆಯ ಕಟ್ಟಳೆ. ಯಾರು ಯಾವುದಕ್ಕೆ ಸೇರಿದವರೆಂಬ ಪ್ರಶ್ನೆಯಲ್ಲಿಯೇ ವಿನಾಯಿತಿಯ ಇತಿಹಾಸವೆಲ್ಲ ಅಡಗಿದೆ.

ಈ ಸೀಮೆಗೂ ಕನ್ನಡಕ್ಕೂ ನಂಟು ಇಲ್ಲದೆ ಇಲ್ಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಶಕವರ್ಷ 862ರಲ್ಲಿ, ಎಂದರೆ ಕ್ರಿ.ಶ. 940ರಲ್ಲಿ, ತನ್ನ ತಮ್ಮನಾದ ಜಗತ್ತುಂಗನ ಪುಣ್ಯಾರ್ಥವಾಗಿ ನಾಗಪುರ-ನಂದಿವರ್ಧನ ವಿಷಯದ ಗ್ರಾಮವೊಂದನ್ನು ಬ್ರಾಹ್ಮಣನೊಬ್ಬನಿಗೆ ದತ್ತಿಯಾಗಿ ಬಿಟ್ಟ ತಾಮ್ರಶಾಸನವು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತಿದೆ. ಆ ಗ್ರಾಮದ ಎಲ್ಲೆಗಳಲ್ಲೊಂದಾಗಿ ಹೇಳಿದ ನದಿಯನ್ನು ವಿದ್ವಾಂಸರು ಕನ್ಹಾನ್ ಎಂದೇ ಗುರುತಿಸಿದ್ದಾರೆ. ನಂದಿವರ್ಧನವೆಂದರೆ ರಾಮಟೇಕಿನ ಬಳಿಯ ಈಗಿನ ನಗರಧನ್. ಸರ್ವಮಾನ್ಯ, ಸರ್ವನಮಸ್ಯ ಎಂಬ ಮಾತುಗಳನ್ನು ಶಾಸನಗಳಲ್ಲಿ ಓದುವಾಗ ನಮ್ಮ ಮನಸ್ಸು ತೆರಿಗೆಯಿಂದ ಬಿಡುಗಡೆಯಾದ ಊರೊಂದರ ಸುಖವನ್ನು ಊಹಿಸಿಕೊಳ್ಳುವುದುಂಟು. ವಸ್ತುತಃ ಅಲ್ಲಿ ಬಿಡುಗಡೆ ಹೊಂದಿದವನು ದತ್ತಿಯನ್ನು ಪಡೆದವನೇ ಹೊರತು ನೇಗಿಲು ಹಿಡಿದವನಲ್ಲ. ಅರಸನ ಭಂಡಾರಕ್ಕೆ ಹೋಗುತ್ತಿದ್ದ ತೆರೆಯು ದಾನಿಯ ಕೈಯಿಂದ ಪ್ರತಿಗ್ರಹಿಯ ಕೈಗೆ ಬಂತು; ಒಕ್ಕಲಿಗನ ಕಣದಿಂದ ಹೊರಡುತ್ತಿದ್ದ ಧಾನ್ಯ ಎಂದಿನಂತೆ ಹೊರಡುತ್ತಲೇ ಇತ್ತು.

ಕೈಕಸುಬಿನ ಜನ ತಾವಾಗಿಯೇ ಬೇಡಿ ಪಡೆದ ವಿನಾಯಿತಿಗೆ ಉದಾಹರಣೆ ಬೇಕಾದರೆ ಬಾದಾಮಿಗೆ ಬರಬೇಕು. ಮನೆದೆರೆ, ಮಗ್ಗದೆರೆ, ಗಾಣದೆರೆ ಎಂದು ಒಂದೊಂದು ಕಸುಬಿಗೂ ಒಂದೊಂದು ಹೆಸರಿನ ಭಾರವಿದ್ದ ಕಾಲದಲ್ಲಿ, ಹದಿನಾರನೆಯ ಶತಮಾನದ ನಡುಭಾಗದಲ್ಲಿ, ಕೊಂಡೋಜನೆಂಬ ನಾಯಿಂದನು ಅಳಿಯ ರಾಮರಾಯನನ್ನು ತನ್ನ ಸೇವೆಯಿಂದ ಮೆಚ್ಚಿಸಿ, ತನ್ನೊಬ್ಬನಿಗಾಗಿ ಅಲ್ಲದೆ ತನ್ನ ವೃತ್ತಿಯವರೆಲ್ಲರಿಗಾಗಿ ಸುಂಕದ ಮನ್ನಾವನ್ನು ಸಂಪಾದಿಸಿದನು. ಆ ಅಪ್ಪಣೆಯನ್ನು ಕಲ್ಲಿನಲ್ಲಿ ಕೊರೆಯಿಸಿದರು. ನನ್ನ ಎಣಿಕೆಯಲ್ಲಿ ದಕ್ಷಿಣದ ತೆರಿಗೆಯ ಚರಿತ್ರೆಯಲ್ಲಿ ಇದಕ್ಕಿಂತ ಮರ್ಯಾದೆಯ ಅರ್ಜಿ ಇನ್ನೊಂದಿಲ್ಲ. ಆದರೆ ದೊರೆಯ ಸನ್ನಿಧಿಯಲ್ಲಿ ಕತ್ತಿಯನ್ನು ಹಿಡಿದು ನಿಲ್ಲುವ ಯೋಗ ಎಲ್ಲ ಕಸುಬಿನವರಿಗೂ ಒದಗುವುದಿಲ್ಲ.

ಮತ್ತೆ ಕನ್ಹಾನ್ ತೀರಕ್ಕೆ. ಭೋಸಲೆಯವರ ಆಳ್ವಿಕೆಯಲ್ಲಿ ನಾಗಪುರ ಸೀಮೆಯ ಉಳುವವನು ಕರಿನೆಲದ ಕಂದಾಯವನ್ನು ತೆತ್ತು ಬಿಳಿನೆಲದ ತೆರಿಗೆಯಿಂದ ಪಾರಾಗುತ್ತಿದ್ದನು. ನೇಯುವ ಕೋಷ್ಟಿ, ಎಣ್ಣೆ ತೆಗೆಯುವ ತೇಲಿ, ಅಂಗಡಿಯಿಟ್ಟ ವಾಣಿ, ಇಂತಹ ಬೇಸಾಯವಿಲ್ಲದ ನಿವಾಸಿಗಳ ಮೇಲೆ ಬೀಳುತ್ತಿದ್ದುದು ಪಾಂಢರಿ ಪಟ್ಟಿ. ಮೈಸೂರು ಸೀಮೆಯವರು ಮೊಹತರ್ಫಾ ಎಂದು ಕರೆದ, ಮನೆ ಅಂಗಡಿ ಮಗ್ಗಗಳ ಮೇಲಿನ ತೆರಿಗೆಗೆ ಇದು ಹತ್ತಿರದ ದಾಯಾದಿ. 1818ರಲ್ಲಿ ಭೋಸಲೆ ಅರಸ ಅಪ್ಪಾ ಸಾಹೇಬನು ಪದಚ್ಯುತನಾದ ಮೇಲೆ ಅಪ್ರಾಪ್ತ ವಯಸ್ಸಿನ ಮೂರನೆಯ ರಘೂಜಿಯ ಹೆಸರಿನಲ್ಲಿ ರಾಜ್ಯಭಾರವನ್ನು ನೋಡಿಕೊಂಡ ಬ್ರಿಟಿಷ್ ರೆಸಿಡೆಂಟ್ ರಿಚರ್ಡ್ ಜೆಂಕಿನ್ಸನು 1827ರ ತನ್ನ ವರದಿಯಲ್ಲಿ ಆ ರಾಜ್ಯದ ಕಂದಾಯದ ರೀತಿಗಳನ್ನು ವಿಸ್ತಾರವಾಗಿ ಬರೆದಿಟ್ಟನು. 1853ರ ಕೊನೆಯಲ್ಲಿ ರಘೂಜಿ ಮಕ್ಕಳಿಲ್ಲದೆ ತೀರಿಕೊಂಡುದರಿಂದ ರಾಜ್ಯವು ಕಂಪನಿಯ ವಶವಾಯಿತು. 1861ರಲ್ಲಿ ಮಧ್ಯಪ್ರಾಂತ್ಯವೆಂಬ ಹೊಸ ಆಡಳಿತ ಹುಟ್ಟಿತು. ಅರಸರು ಹೋದರೂ ಅವರ ಪಾಂಢರಿ ಹೋಗಲಿಲ್ಲ. 1867ರಲ್ಲಿ ಅದಕ್ಕೆಂದೇ ಒಂದು ಕಾಯಿದೆಯನ್ನು ಮಾಡಿ ಆಂಗ್ಲರು ಆ ಮರಾಠಿ ಹೆಸರನ್ನೇ ಶಾಸನದ ಶಿರೋನಾಮೆಯಲ್ಲಿ ಉಳಿಸಿಕೊಂಡರು. 1886ರ ಆದಾಯ ತೆರಿಗೆಯು ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವರನ್ನು ಬಿಟ್ಟುಕೊಟ್ಟ ಕಾಲದಲ್ಲಿಯೂ ಈ ಪ್ರಾಂತ್ಯದ ಸಣ್ಣ ಕಸುಬಿನವರು ಹಳೆಯ ಪಟ್ಟಿಯಿಂದ ಬಿಡಿಸಿಕೊಳ್ಳಲಾರದೆ ಹೋದರು. ಅದು ರದ್ದಾದುದು 1902ರಲ್ಲಿ. ಬಡವನನ್ನು ಹಿಡಿಯುವುದಕ್ಕೆ ಹಳೆಯ ಬಲೆ, ಧನಿಕನನ್ನು ಹಿಡಿಯುವುದಕ್ಕೆ ಹೊಸ ಬಲೆ ಎಂದು ಯಾರಾದರೂ ಅಂದಿದ್ದರೆ ನಾನು ಎದುರಾಡುತ್ತಿರಲಿಲ್ಲ.

ತೆರಿಗೆ ಅಳಿದರೂ ವರ್ಗೀಕರಣ ಅಳಿಯಲಿಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಮಾಲಗುಜಾರನೆಂಬವನು ಭೂಸ್ವಾಮಿಯಾಗಿ ಕುಳಿತಿದ್ದನು. ಊರಿನ ನಿವೇಶನವೂ ಅವನದೇ. ವಾಜಿಬ್-ಉಲ್-ಅರ್ಜ್ ಎಂಬ ಹೆಸರಿನಲ್ಲಿ ಒಂದೊಂದು ಹಳ್ಳಿಯ ರೂಢಿಗಳನ್ನು ಬರೆದಿಡುವ ಕ್ರಮವಿತ್ತು. ಊರಿನಲ್ಲಿ ನೆಲೆಸಿ ಉಳುವವನಿಗೂ ಊರಿನ ಕೆಲಸದವರಿಗೂ ಮನೆಯ ಜಾಗ ಬಾಡಿಗೆಯಿಲ್ಲದೆ ಸಲ್ಲಬೇಕು, ಇತರರು ಮಾಲಗುಜಾರನೊಡನೆ ಮಾತಾಡಿಕೊಳ್ಳಬೇಕು ಎಂಬ ಭೇದವನ್ನು 1917ರ ಭೂಕಂದಾಯ ಕಾಯಿದೆಯೂ ಮಾನ್ಯಮಾಡಿತು. ಹೀಗಾಗಿ ಎರಡೆಕರೆ ಹೊಲವನ್ನು ಕಳೆದುಕೊಂಡ ರೈತನು ಹೊಲದ ಜೊತೆಗೆ 'ರೈತ' ಎಂಬ ಶಬ್ದವನ್ನೂ ಕಳೆದುಕೊಳ್ಳುತ್ತಿದ್ದನು. ಆ ಶಬ್ದದ ನೆರಳಿನಲ್ಲಿ ನಿಂತಿದ್ದ ಮನೆಯ ಹಕ್ಕಿಗೂ ಅಲುಗಾಟ ಬರುತ್ತಿತ್ತು. 1951ರ ಮಾರ್ಚ್ 31ರಂದು ಮಾಲಗುಜಾರರ ಸ್ವಾಮ್ಯ ರದ್ದಾಗಿ ಸರ್ಕಾರದಲ್ಲಿ ಲೀನವಾಯಿತು. ಐದು ವರ್ಷಗಳ ತರುವಾಯ ನಾಗಪುರವು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿತು.

ಮುಂಬಯಿ ರಾಜ್ಯದ 1958ರ ಗ್ರಾಮ ಪಂಚಾಯತಿ ಕಾಯಿದೆಯೊಂದಿಗೆ ಬಂದುದು ಘರ್‌ಪಟ್ಟಿ ಎಂಬ ಮನೆತೆರಿಗೆ. ಇದರ ಬೇರು 'ನಮುನಾ ಆಠ್' ಎಂಬ ಆಕಾರಣಿ ವಹಿಯಲ್ಲಿ, ಎಂದರೆ ತೆರಿಗೆ ನಿಗದಿಯ ಪುಸ್ತಕದಲ್ಲಿ, ಇದೆ. ನಮ್ಮ ಪಂಚಾಯತಿಗಳ ಮನೆ ಉತಾರಕ್ಕೆ ಅದು ಸೋದರ. ಪಾಂಢರಿಯು ಮನೆಯೊಳಗಿನ ಮನುಷ್ಯನ ವೃತ್ತಿಯನ್ನು ಕೇಳುತ್ತಿತ್ತು. ಘರ್‌ಪಟ್ಟಿಯು ಗೋಡೆ ಮಣ್ಣಿನದೋ, ಇಟ್ಟಿಗೆಯದೋ, ಸಿಮೆಂಟಿನದೋ, ಒಳಗೆ ವಾಸವೋ ವ್ಯಾಪಾರವೋ ಎಂದು ಕೇಳುತ್ತದೆ. ಕುಲವೃತ್ತಿಯ ಮಾತನ್ನು ಬಿಟ್ಟುದು ಪ್ರಜಾರಾಜ್ಯಕ್ಕೆ ಶೋಭೆ ತರುವ ಬದಲಾವಣೆಯೇ ಸರಿ. ಆದರೂ ಪಡಸಾಲೆಯಲ್ಲಿ ಹೊಲಿಗೆಯಂತ್ರವನ್ನು ಹೂಡಿಕೊಂಡ ಹೆಂಗಸಿನ ಮನೆ ವಾಸದ ಮನೆಯೋ ಅಂಗಡಿಯೋ ಎಂಬ ತರ್ಕ ಹುಟ್ಟಿದಾಗ, ಹಳೆಯ ಕೋಷ್ಟಿಯ ಮಗ್ಗದ ಸದ್ದು ನನಗೆ ಕೇಳಿಸಿದಂತಾಗುತ್ತದೆ. ಊರು ಬೆಳೆದು ನಗರ ಪಂಚಾಯತಿಯಾದಲ್ಲಿ 1965ರ ನಗರಪರಿಷತ್ತುಗಳ ಕಾಯಿದೆ ಅನ್ವಯಿಸುತ್ತದೆ. ಪೂಜಾಸ್ಥಳಗಳಿಗೆ, ಧರ್ಮಕಾರ್ಯದ ಕಟ್ಟಡಗಳಿಗೆ ಅಲ್ಲಿ ಬಿಡುವುಂಟು. 2020ರಲ್ಲಿ ರಾಜ್ಯ ಸರ್ಕಾರವು ಮಾಜಿ ಸೈನಿಕರಿಗೂ ಸೈನಿಕರ ವಿಧವೆಯರಿಗೂ ಮನೆತೆರಿಗೆಯ ಮಾಫಿಯನ್ನು ಸಾರಿತು. ಆದರೆ ಇವುಗಳಲ್ಲಿ ಯಾವುದೂ ತಾನಾಗಿ ಮನೆಬಾಗಿಲಿಗೆ ನಡೆದು ಬರುವಂಥದಲ್ಲ: ಅರ್ಜಿ ಬೇಕು, ಆಧಾರಪತ್ರ ಬೇಕು, ತಾನು ಇಂಥ ವರ್ಗಕ್ಕೆ ಸೇರಿದವನೆಂದು ತಾನೇ ಬರೆದುಕೊಡಬೇಕು. ಕೊಂಡೋಜನು ಸೇವೆಯಿಂದ ಸಾಧಿಸಿದುದನ್ನು ನಾವು ದಾಖಲೆಯಿಂದ ಸಾಧಿಸಬೇಕಾಗಿದೆ.

ತೆರಿಗೆಯ ಆಕಾರಣಿಯನ್ನು ಸ್ಥಿರಗೊಳಿಸುವ ಮುನ್ನ ಅದರ ಪಟ್ಟಿಯನ್ನು ಜನರ ಅವಲೋಕನಕ್ಕೆ ಇಟ್ಟು, ಆಕ್ಷೇಪಗಳನ್ನು ಕರೆದು, ಅವನ್ನು ವಿಚಾರಿಸಬೇಕೆಂಬುದು 1965ರ ಆ ಕಾಯಿದೆಯ ವಿಧಿ. ಓದುಗರಲ್ಲಿ ಮೌದಾದ ಕಡೆ ನೆಲೆಸಿರುವ ಕನ್ನಡಿಗರು ಯಾರಾದರೂ ಇದ್ದರೆ, ಅಂಥ ಪಟ್ಟಿ ಹೊರಬಿದ್ದಾಗ ಆಕ್ಷೇಪದ ಗಡುವು ತೀರುವುದರೊಳಗಾಗಿ ಒಮ್ಮೆ ಕಚೇರಿಗೆ ಹೋಗಿ, ತೆರಿಗೆಯ ಮೊತ್ತಕ್ಕಿಂತ ಮೊದಲು ತಮ್ಮ ಮನೆಯ ಹೆಸರಿನೆದುರು 'ಉಪಯೋಗ' ಎಂಬಲ್ಲಿ ಏನು ಬರೆದಿದೆಯೆಂಬುದನ್ನು ಓದಿಕೊಳ್ಳಬೇಕು.