ಎರಡೂ ಕಡೆಯಿಂದ ಕಾಣುವ ಕಿಟಕಿ

1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ತಿಂಗಳ ಲೆಕ್ಕ ತಾಳೆಯಾಗಲಿಲ್ಲ. ವ್ಯತ್ಯಾಸ ಬರೀ 75 ಸೆಂಟ್. ಖಗೋಳ ವಿಜ್ಞಾನದ ಕೆಲಸ ಬಿಟ್ಟು ಆಗಷ್ಟೇ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದ ಕ್ಲಿಫರ್ಡ್ ಸ್ಟೋಲ್ ಅವರಿಗೆ ಈ ಚಿಲ್ಲರೆ ಎಲ್ಲಿ ಹೋಯಿತೆಂದು ಪತ್ತೆಹಚ್ಚುವ ಕೆಲಸ ಬಿತ್ತು. ಲೆಕ್ಕದ ಎಳೆ ಹಿಡಿದು ಹೋದರೆ ಸಿಕ್ಕಿದ್ದು ಒಬ್ಬ ನುಸುಳುಕೋರ. ದೂರದಿಂದ ಒಳಗೆ ಬಂದವನು ಯುನಿಕ್ಸ್ ಯಂತ್ರದ ಸರ್ವಾಧಿಕಾರವನ್ನೇ ಕೈಗೆ ತೆಗೆದುಕೊಂಡಿದ್ದ.

ಕಳ್ಳ ಮನೆಗೆ ನುಗ್ಗಿದ ಮೇಲೆ ಯಾರಾದರೂ ಎಚ್ಚರವಿದ್ದಾರೆಯೇ ಎಂದು ಕಿವಿಗೊಟ್ಟು ಆಲಿಸುತ್ತಾನಲ್ಲ, ಇವನೂ ಹಾಗೆಯೇ ಮಾಡುತ್ತಿದ್ದ. ಯಾರು ಯಾರು ಲಾಗಿನ್ ಆಗಿದ್ದಾರೆ ಎಂದು ನೋಡುವುದು, ಯಂತ್ರದಲ್ಲಿ ಈಗ ಯಾವ ಯಾವ ಪ್ರೋಗ್ರಾಂ ಓಡುತ್ತಿವೆ ಎಂದು ನೋಡುವುದು. ಎರಡನೆಯದಕ್ಕೆ ಅವನು ಬಳಸಿದ್ದು 'ಪಿಎಸ್' ಎಂಬ ಎರಡಕ್ಷರದ ಆದೇಶ. ಅದರ ಮುಂದೆ ಇ, ಎ, ಎಫ್, ಜಿ ಎಂಬ ನಾಲ್ಕು ಅಕ್ಷರಗಳನ್ನು ಜೋಡಿಸಿದ್ದ.

ಆ 'ಎಫ್' ಅವನ ಗುಟ್ಟು ಬಿಟ್ಟುಕೊಟ್ಟಿತು. ಪ್ರಯೋಗಾಲಯದಲ್ಲಿದ್ದುದು ಬರ್ಕ್ಲಿ ಯುನಿಕ್ಸ್. ಅದರಲ್ಲಿ ಆ ಅಕ್ಷರದ ಅಗತ್ಯವೇ ಇರಲಿಲ್ಲ. ಅದು ಬೇಕಾಗುತ್ತಿದ್ದುದು ಎಟಿ ಅಂಡ್ ಟಿ ಕಂಪನಿಯ ಯುನಿಕ್ಸ್‌ನಲ್ಲಿ. ಅಂದರೆ ಇವನು ಕಲಿತದ್ದು ಬೇರೆ ಊರಿನ ಯುನಿಕ್ಸ್, ಬರ್ಕ್ಲಿ ವಿಶ್ವವಿದ್ಯಾಲಯದ ಹುಡುಗನಾಗಿರಲಾರ. ಮಾತಿನ ಧಾಟಿ ಕೇಳಿ ಇವರು ಧಾರವಾಡದವರೋ ಮಂಗಳೂರಿನವರೋ ಎಂದು ಗುರುತಿಸುವಂತೆ, ಒಂದೇ ಅಕ್ಷರದಿಂದ ಅವನು ಹೊರಗಿನವನೆಂದು ಗೊತ್ತಾಯಿತು. ಕೊನೆಗೆ ಅವನು ಜರ್ಮನಿಯ ಹ್ಯಾನೋವರ್‌ನ ಮಾರ್ಕುಸ್ ಹೆಸ್ ಎಂದು ತಿಳಿಯಿತು. ಅಮೆರಿಕದ ಸೈನಿಕ ಕಂಪ್ಯೂಟರ್‌ಗಳಿಂದ ಕದ್ದ ಮಾಹಿತಿ ಸೋವಿಯತ್ ಕೆಜಿಬಿಗೆ ಮಾರಾಟವಾಗುತ್ತಿತ್ತು.

ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ಸಾಮಾನ್ಯ ಆದೇಶವೊಂದು ಹೀಗೆ ಯಜಮಾನನಿಗೂ ಕಳ್ಳನಿಗೂ ಸಮಾನವಾಗಿ ಒದಗಿದ್ದು ಹೇಗೆ? ಉತ್ತರ ಅದು ಹುಟ್ಟಿದ ಬಗೆಯಲ್ಲೇ ಇದೆ.

1969ರಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ಶುರುಮಾಡಿದರು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಅದು. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಂ ಅಲ್ಲಿ ಒಂದು 'ಪ್ರೋಸೆಸ್'. ಅದಕ್ಕೊಂದು ಸಂಖ್ಯೆ, ಒಬ್ಬ ಯಜಮಾನ, ಹುಟ್ಟಿಸಿದ ಒಂದು ತಾಯಿ ಪ್ರೋಸೆಸ್. ಈ ಎಲ್ಲ ವಿವರಗಳನ್ನು ವ್ಯವಸ್ಥೆಯ ತಿರುಳಾದ ಕರ್ನೆಲ್ ತನ್ನ ಮೆಮೊರಿಯೊಳಗಿನ ಒಂದು ಕೋಷ್ಟಕದಲ್ಲಿ ಇಟ್ಟುಕೊಳ್ಳುತ್ತದೆ. 1975ರ ಆರನೇ ಆವೃತ್ತಿಯಲ್ಲಿ ಆ ಕೋಷ್ಟಕಕ್ಕಿದ್ದುದು 50 ಸಾಲು. ಇಡೀ ಯಂತ್ರದಲ್ಲಿ ಒಮ್ಮೆಗೆ 50 ಪ್ರೋಸೆಸ್, ಅಷ್ಟೇ. ಇಂದಿನ ಮಾಮೂಲಿ ಲ್ಯಾಪ್‌ಟಾಪ್ ಸುಮ್ಮನೆ ಕುಳಿತಾಗಲೂ ನೂರಾರು ಇರುತ್ತವೆ.

1973ರ ಹೊತ್ತಿಗೆ ಯುನಿಕ್ಸ್ ಕೈಪಿಡಿಯಲ್ಲಿ ಪಿಎಸ್ ಕಾಣಿಸಿಕೊಂಡಿತ್ತು. ಅದು ಕೆಲಸ ಮಾಡುತ್ತಿದ್ದ ರೀತಿ ಇಂದು ಒರಟೆನಿಸುತ್ತದೆ. ಪ್ರೋಸೆಸ್‌ಗಳ ಪಟ್ಟಿ ಕೊಡು ಎಂದು ಕರ್ನೆಲನ್ನು ಕೇಳುವ ಮಾರ್ಗವೇ ಇರಲಿಲ್ಲ. ಆದರೆ ಯಂತ್ರದ ಇಡೀ ಮೆಮೊರಿ ಒಂದು ಫೈಲ್ ರೂಪದಲ್ಲಿ ಸಿಗುತ್ತಿತ್ತು. ಪಿಎಸ್ ಮೊದಲು ಡಿಸ್ಕಿನಲ್ಲಿದ್ದ ಕರ್ನೆಲ್ ಫೈಲನ್ನು ತೆರೆದು, ಆ ಕೋಷ್ಟಕ ಮೆಮೊರಿಯ ಯಾವ ವಿಳಾಸದಲ್ಲಿದೆ ಎಂದು ಹುಡುಕುತ್ತಿತ್ತು. ಬಳಿಕ ಮೆಮೊರಿಯ ಫೈಲಿನಲ್ಲಿ ನೇರ ಅಲ್ಲಿಗೇ ಜಿಗಿದು ಸಾಲು ಸಾಲಾಗಿ ಓದುತ್ತಿತ್ತು. ಪ್ರೋಸೆಸ್ ಮೆಮೊರಿಯಿಂದ ಡಿಸ್ಕಿಗೆ ಎತ್ತಂಗಡಿಯಾಗಿದ್ದರೆ ಡಿಸ್ಕನ್ನೂ ತಡಕುತ್ತಿತ್ತು.

ಇದರಲ್ಲಿ ಮೂರು ತೊಡಕುಗಳಿದ್ದವು. ಓದುತ್ತಿರುವಾಗಲೇ ಕೋಷ್ಟಕ ಬದಲಾಗುತ್ತಿತ್ತು; ಪಿಎಸ್ ಕೊಡುವ ಚಿತ್ರ ವಾಸ್ತವಕ್ಕೆ ಹತ್ತಿರದ ಅಂದಾಜು ಮಾತ್ರ ಎಂದು 1979ರ ಏಳನೇ ಆವೃತ್ತಿಯ ಕೈಪಿಡಿ ದೋಷಗಳ ಪಟ್ಟಿಯಲ್ಲೇ ಒಪ್ಪಿಕೊಂಡಿತ್ತು. ಎರಡನೆಯದಾಗಿ, ಕರ್ನೆಲ್ ಬದಲಾಗಿ ಕೋಷ್ಟಕದ ಆಕಾರ ಬೇರೆಯಾದರೆ ಹಳೆಯ ಪಿಎಸ್ ಕೆಟ್ಟುಹೋಗುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕರ್ನೆಲ್ ಮೆಮೊರಿಯಲ್ಲಿ ಪ್ರೋಸೆಸ್ ಪಟ್ಟಿ ಮಾತ್ರ ಇರುವುದಿಲ್ಲ, ಪಕ್ಕದ ಟರ್ಮಿನಲ್‌ನಲ್ಲಿ ಇನ್ನೊಬ್ಬರು ಟೈಪ್ ಮಾಡುತ್ತಿರುವ ಪಾಸ್‌ವರ್ಡ್ ಕೂಡ ಇರುತ್ತದೆ. ಆ ಫೈಲನ್ನು ಎಲ್ಲರಿಗೂ ತೆರೆದಿಡುವಂತಿಲ್ಲ. ಹಾಗಾಗಿ ಫೈಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಪಿಎಸ್‌ಗೆ ಕೊಟ್ಟರು. ಸಾಮಾನ್ಯ ಬಳಕೆದಾರ ಓಡಿಸಿದರೂ ಪಿಎಸ್ ವಿಶೇಷ ಅಧಿಕಾರದಿಂದ ಓಡುತ್ತಿತ್ತು. ಪಟ್ಟಿ ತೋರಿಸುವ ಪುಟ್ಟ ಪ್ರೋಗ್ರಾಂಗೆ ಇಡೀ ಖಜಾನೆಯ ಕೀಲಿ ಸಿಕ್ಕಂತಾಯಿತು.

ಈ ನಡುವೆ ಯುನಿಕ್ಸ್ ಕವಲೊಡೆದಿತ್ತು. ಬೆಲ್ ಲ್ಯಾಬ್ಸ್‌ನಿಂದ ಮೂಲ ಕೋಡ್ ಪಡೆದಿದ್ದ ಬರ್ಕ್ಲಿ ವಿಶ್ವವಿದ್ಯಾಲಯ 1977ರಿಂದ ತನ್ನದೇ ಆವೃತ್ತಿಗಳನ್ನು ಹಂಚತೊಡಗಿತು. ಪಿಎಸ್ ಆದೇಶದ ಅಕ್ಷರಗಳೂ ಎರಡು ಮನೆಗಳಲ್ಲಿ ಎರಡು ಬಗೆಯಾದವು. ಇಂದಿಗೂ ಕೆಲವರ ಬೆರಳಿಗೆ ಎ, ಯು, ಎಕ್ಸ್ ಬರುತ್ತದೆ, ಕೆಲವರಿಗೆ ಅಡ್ಡಗೆರೆ ಹಾಕಿ ಇ, ಎಫ್. ಲಿನಕ್ಸ್‌ನ ಪಿಎಸ್ ಎರಡನ್ನೂ ಒಪ್ಪಿಕೊಳ್ಳುವುದರಿಂದ, ಸ್ಟೋಲ್ ತಂಡಕ್ಕೆ ದೊರೆತಂಥ ಸುಳಿವು ಇಂದು ಅಷ್ಟು ಸುಲಭವಾಗಿ ಸಿಗಲಾರದು.

1984ರಲ್ಲಿ ವಿಲಿಯಂ ಲಫೀವರ್ 'ಟಾಪ್' ಬರೆದರು. ಡಿಇಸಿ ಕಂಪನಿಯ ವಿಎಂಎಸ್ ವ್ಯವಸ್ಥೆಯಲ್ಲಿದ್ದ ಇಂಥದೇ ಸೌಲಭ್ಯ ಅದಕ್ಕೆ ಪ್ರೇರಣೆ. ಪಿಎಸ್ ಒಮ್ಮೆ ತೆಗೆದ ಫೋಟೊ ಆದರೆ, ಟಾಪ್ ಕೆಲವು ಸೆಕೆಂಡಿಗೊಮ್ಮೆ ಹೊಸ ಫೋಟೊ ತೆಗೆದು, ಹೆಚ್ಚು ಸಿಪಿಯು ನುಂಗುವವರನ್ನು ಮೇಲಿಡುತ್ತಿತ್ತು. ಆದರೆ ಅದೂ ಇಣುಕುತ್ತಿದ್ದುದು ಕರ್ನೆಲ್ ಮೆಮೊರಿಯೊಳಗೇ.

ಅದೇ 1984ರಲ್ಲಿ ಬೇರೆ ದಾರಿಯೊಂದು ತೆರೆಯಿತು. ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಯುಸೆನಿಕ್ಸ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದರು. ಪ್ರೋಸೆಸ್‌ಗಳನ್ನೇ ಫೈಲ್‌ಗಳಾಗಿ ಕಾಣಬಾರದೇಕೆ ಎಂಬುದು ಅದರ ವಿಚಾರ. 'ಪ್ರಾಕ್' ಎಂಬ ಡೈರೆಕ್ಟರಿ. ಅದರೊಳಗೆ ಪ್ರತಿ ಪ್ರೋಸೆಸ್‌ಗೆ ಅದರ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಒಂದು ಫೈಲ್. ಡಿಸ್ಕಿನಲ್ಲಿ ಅಂಥ ಫೈಲ್ ಇರುವುದಿಲ್ಲ. ಯಾರಾದರೂ ತೆರೆದಾಗ ಕರ್ನೆಲ್ ಆ ಪ್ರೋಸೆಸ್‌ನ ಮೆಮೊರಿಯನ್ನು ಅಲ್ಲಿ ಒದಗಿಸುತ್ತದೆ. ಫೈಲ್ ಎಂದ ಮೇಲೆ ಅದಕ್ಕೆ ಯಜಮಾನನಿದ್ದಾನೆ, ಯಾರು ಓದಬಹುದು ಎಂಬ ನಿಯಮವಿದೆ. ಇಡೀ ಖಜಾನೆಗೆ ಒಂದೇ ಕೀಲಿ ಇದ್ದಲ್ಲಿ ಈಗ ಪ್ರತಿ ಪೆಟ್ಟಿಗೆಗೂ ಅದರದೇ ಬೀಗ.

ಬೆಲ್ ಲ್ಯಾಬ್ಸ್‌ನವರೇ ಮುಂದೆ ಕಟ್ಟಿದ ಪ್ಲಾನ್ 9 ವ್ಯವಸ್ಥೆ ಇದನ್ನು ಇನ್ನಷ್ಟು ಬೆಳೆಸಿತು. ಅಲ್ಲಿ ಪ್ರತಿ ಪ್ರೋಸೆಸ್ ಒಂದು ಡೈರೆಕ್ಟರಿಯಾಯಿತು, ಒಳಗಿನ ಸ್ಥಿತಿವಿವರ ಮನುಷ್ಯರು ಓದಬಲ್ಲ ಪಠ್ಯವಾಯಿತು. ಲಿನಕ್ಸ್ ಇದೇ ಬಗೆಯನ್ನು ಹಿಡಿಯಿತು. ಆರಂಭದ ಲಿನಕ್ಸ್ ಪಿಎಸ್ ಹಳೆಯ ಪದ್ಧತಿಯಲ್ಲೇ ಮೆಮೊರಿ ಕೆದಕುತ್ತಿತ್ತು. 1992ರ ಸೆಪ್ಟೆಂಬರಿನಲ್ಲಿ ಪ್ರಾಕ್ ಸೇರಿದ ಮೇಲೆ ಅದನ್ನೇ ಓದುವ ಪಿಎಸ್ ಬಂತು. ವಿಶೇಷ ಅಧಿಕಾರ ಬೇಕಿಲ್ಲ, ಕರ್ನೆಲ್ ವಿಳಾಸ ಹುಡುಕಬೇಕಿಲ್ಲ. ಇಂದು ಪಿಎಸ್ ಇಲ್ಲದಿದ್ದರೂ ಫೈಲ್ ಓದುವ ಸಾದಾ ಆದೇಶದಿಂದಲೇ ಆ ಕೆಲಸ ನಡೆಯುತ್ತದೆ.

ಆದರೆ ಕಿಟಕಿ ಸಲೀಸಾಗಿ ತೆರೆದುಕೊಂಡರೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಪ್ರೋಗ್ರಾಂ ಶುರುಮಾಡುವಾಗ ಆದೇಶದ ಸಾಲಿನಲ್ಲೇ ಪಾಸ್‌ವರ್ಡ್ ಬರೆದರೆ, ಅದೇ ಯಂತ್ರದ ಇತರರಿಗೂ ಅದು ಪಿಎಸ್‌ನಲ್ಲಿ ಕಾಣಬಹುದು. ಇತರರ ಪ್ರೋಸೆಸ್‌ಗಳನ್ನು ಮರೆಮಾಡುವ ಆಯ್ಕೆ ಲಿನಕ್ಸ್‌ಗೆ ಬಂದದ್ದು 2012ರಲ್ಲಿ. ಓಪನ್‌ಬಿಎಸ್‌ಡಿ 2015ರಲ್ಲಿ ಪ್ರಾಕ್ ವ್ಯವಸ್ಥೆಯನ್ನೇ ಕಿತ್ತುಹಾಕಿತು.

ಇತ್ತ ನುಸುಳುಕೋರರೂ ಪಾಠ ಕಲಿತಿದ್ದರು. ಪಿಎಸ್ ತಮ್ಮನ್ನು ಹಿಡಿದುಕೊಡುತ್ತದೆಂದು ಗೊತ್ತಾದ ಮೇಲೆ, 1990ರ ದಶಕದ 'ರೂಟ್‌ಕಿಟ್'ಗಳು ಪಿಎಸ್ ಅನ್ನೇ ಬದಲಿಸಿದವು. ನಕಲಿ ಪಿಎಸ್ ಎಲ್ಲವನ್ನೂ ಸರಿಯಾಗಿ ತೋರಿಸುತ್ತದೆ, ಕಳ್ಳನ ಪ್ರೋಸೆಸ್ ಒಂದನ್ನು ಬಿಟ್ಟು. ಅಸಲಿ ಪಿಎಸ್ ತಂದು ಓಡಿಸಿದರೆ ಸಾಕು ಎಂದುಕೊಳ್ಳುವಷ್ಟರಲ್ಲಿ ಕರ್ನೆಲನ್ನೇ ತಿದ್ದುವ ರೂಟ್‌ಕಿಟ್‌ಗಳು ಬಂದವು. ಆಗ ಪ್ರಾಕ್ ಡೈರೆಕ್ಟರಿಯೇ ಸುಳ್ಳು ಹೇಳುತ್ತದೆ.

ಈ ಅಪಾಯ ಹೀಗೆ ಬೆಳೆಯುವ ಮೊದಲೇ ಸ್ಟೋಲ್ ಅದಕ್ಕೆ ತಕ್ಕ ಎಚ್ಚರ ವಹಿಸಿದ್ದರು. ನುಸುಳುಕೋರನನ್ನು ಗಮನಿಸುವ ಪ್ರೋಗ್ರಾಂ ಅನ್ನು ಅದೇ ಯಂತ್ರದಲ್ಲಿ ಓಡಿಸಿದ್ದರೆ ಅವನು ಪಿಎಸ್ ಮಾಡಿದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಸ್ಟೋಲ್ ಒಂದು ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳಿಂದ ಪ್ರಿಂಟರ್, ಟರ್ಮಿನಲ್‌ಗಳನ್ನು ಹೊತ್ತು ತಂದು, ಹೊರಗಿನಿಂದ ಬರುವ ತಂತಿಗಳಿಗೇ ಜೋಡಿಸಿದರು. ಅವನ ಪ್ರತಿ ಅಕ್ಷರವೂ ಕಾಗದದ ಮೇಲೆ ಅಚ್ಚಾಗುತ್ತಿತ್ತು, ಯಂತ್ರದೊಳಗಿನ ಯಾವ ಪಟ್ಟಿಯಲ್ಲೂ ಅದರ ಸುಳಿವಿರಲಿಲ್ಲ. ಆ ಎಫ್ ಅಕ್ಷರ ಸಿಕ್ಕಿದ್ದೂ ಆ ಕಾಗದದಲ್ಲೇ.

ಇಂದು ಸೋಂಕು ತಗುಲಿದೆಯೆಂಬ ಶಂಕೆಯಿರುವ ಸರ್ವರನ್ನು ಪರೀಕ್ಷಿಸುವವರು ಅದರ ಪಿಎಸ್ ಹೇಳಿದ್ದನ್ನಷ್ಟೇ ನಂಬಿ ಕೂರುವುದಿಲ್ಲ. ಇಡೀ ಮೆಮೊರಿಯ ನಕಲು ತೆಗೆದು ಬೇರೊಂದು ಯಂತ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಕರ್ನೆಲ್‌ನ ಕೋಷ್ಟಕಗಳು ಯಾವ ವಿಳಾಸದಲ್ಲಿವೆ ಎಂದು ಹುಡುಕಿ, ಪ್ರೋಸೆಸ್‌ಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಐವತ್ತು ವರ್ಷಗಳ ಹಿಂದಿನ ಆ ಒರಟು ಪಿಎಸ್ ಮಾಡುತ್ತಿದ್ದುದೂ ಇದನ್ನೇ. ವ್ಯತ್ಯಾಸ ಒಂದೇ: ಈಗ ನೋಡುವವರು ಮನೆಯ ಹೊರಗೆ ನಿಂತಿದ್ದಾರೆ.