ಇಂದ್ರಕೀಲಾದ್ರಿ ಮತ್ತು ಹವಾಮಾನದ ಅಸ್ತ್ರ

ದೆಹಲಿ ಅಥವಾ ಕೋಲ್ಕತ್ತದಿಂದ ಚೆನ್ನೈಗೆ ಹೋಗುವ ರೈಲು ವಿಜಯವಾಡ ದಾಟಿ ಕೃಷ್ಣೆಯ ಸೇತುವೆಗೆ ಬಂದಾಗ ನದಿಯ ದಡದಲ್ಲಿ ಕಾಣುವ ಬೆಟ್ಟವೇ ಇಂದ್ರಕೀಲಾದ್ರಿ. ಕನಕದುರ್ಗೆಯ ನೆಲೆಯಾದ ಈ ಬೆಟ್ಟದಲ್ಲಿಯೇ ಅರ್ಜುನನು ತಪಸ್ಸು ಮಾಡಿ, ಕಿರಾತವೇಷದ ಶಿವನೊಡನೆ ಹೋರಾಡಿ, ಪಾಶುಪತಾಸ್ತ್ರವನ್ನು ಪಡೆದನೆಂಬುದು ಅಲ್ಲಿನ ಜನರ ನಂಬಿಕೆ. ಪಂಪನೂ ಕುಮಾರವ್ಯಾಸನೂ ಹೇಳಿದ ಈ ಕಥೆ ಕನ್ನಡಿಗರಿಗೆ ಹೊಸದಲ್ಲ. ಪಂಪನ ಪೂರ್ವಿಕರಾದರೂ ಈ ಸೀಮೆಯ ವೆಂಗಿನಾಡಿನವರೇ.

ಅಸ್ತ್ರ ದೊರೆತ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಪ್ರಸಂಗವೊಂದನ್ನು ನೆನೆಯುವವರು ಕಡಿಮೆ. ವ್ಯಾಸಭಾರತದ ವನಪರ್ವದಲ್ಲಿ, ಇಂದ್ರಲೋಕದಿಂದ ಮರಳಿದ ಅರ್ಜುನನನ್ನು ಧರ್ಮರಾಯನು ಆ ದಿವ್ಯಾಸ್ತ್ರಗಳನ್ನು ತೋರಿಸೆಂದು ಕೇಳುತ್ತಾನೆ. ಅರ್ಜುನನು ಅಣಿಯಾಗುತ್ತಲೇ ಭೂಮಿ ನಡುಗುತ್ತದೆ, ಗಾಳಿ ನಿಲ್ಲುತ್ತದೆ, ಸೂರ್ಯ ಮಂಕಾಗುತ್ತಾನೆ. ಆಗ ನಾರದನು ಬಂದು, ಗುರಿಯಿಲ್ಲದೆ ಇವನ್ನು ಪ್ರಯೋಗಿಸಕೂಡದೆಂದು ತಡೆಯುತ್ತಾನೆ. ಇಂದು ವಿಜ್ಞಾನಿಗಳಲ್ಲಿ ನಡೆದಿರುವ ಒಂದು ದೊಡ್ಡ ವಾದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಕಾಯುತ್ತಿರುವ ಭೂಮಿಯನ್ನು ತಣಿಸಲು ಸೂರ್ಯನ ಬೆಳಕನ್ನೇ ತುಸು ತಗ್ಗಿಸಬಹುದೆ? ಅದನ್ನು ಕುರಿತು ಸಂಶೋಧನೆಯನ್ನಾದರೂ ಮಾಡಬಹುದೆ? ಜಿಯೋ ಇಂಜಿನಿಯರಿಂಗ್ ಎಂಬ ಹೆಸರಿನ ಹಿಂದಿರುವ ಪ್ರಶ್ನೆ ಇದು.

ಪ್ರಕೃತಿಯನ್ನು ತಿದ್ದುವ ಸಾಹಸ ಇಂದ್ರಕೀಲಾದ್ರಿಗೆ ಹೊಸದೇನಲ್ಲ. 1832-33ರ ನಂದನ ಸಂವತ್ಸರದ ಕ್ಷಾಮದಲ್ಲಿ ಗುಂಟೂರು ಸೀಮೆಯ ಐದು ಲಕ್ಷ ಜನರಲ್ಲಿ ಸುಮಾರು ಎರಡು ಲಕ್ಷ ಜನ ಸತ್ತರೆಂದು ಅಂದಿನ ಅಂದಾಜು. ಪಕ್ಕದಲ್ಲೇ ಕೃಷ್ಣೆ ಹರಿದು ಸಮುದ್ರ ಸೇರುತ್ತಿದ್ದಳು! ಆರ್ಥರ್ ಕಾಟನ್ನನ ಒತ್ತಾಸೆಯಿಂದ, ಚಾರ್ಲ್ಸ್ ಓರ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ, ಈ ಬೆಟ್ಟಕ್ಕೂ ಎದುರು ದಡದ ಸೀತಾನಗರದ ಬೆಟ್ಟಕ್ಕೂ ನಡುವೆ 1855ರಲ್ಲಿ ಆಣೆಕಟ್ಟು ಮುಗಿಯಿತು. ಬರದ ಸೀಮೆ ಬತ್ತದ ಸೀಮೆಯಾಯಿತು. 1952ರಲ್ಲಿ, ಮತ್ತೆ ನಂದನ ಸಂವತ್ಸರದಲ್ಲಿಯೇ, ಆ ಕಟ್ಟೆ ಒಡೆಯಿತು. ಅಲ್ಲಿ ಕಟ್ಟಿದ ಪ್ರಕಾಶಂ ಬ್ಯಾರೇಜು 1957ರಿಂದ ನಿಂತಿದೆ. ನದಿಯ ಕೆಲಸದಲ್ಲಿ ಒಂದು ಅನುಕೂಲವುಂಟು: ಎಷ್ಟು ನೀರು ನಿಂತಿತು, ಎಷ್ಟು ಹರಿಯಿತು ಎಂದು ಅಳೆಯಬಹುದು, ಒಡೆದರೆ ಮತ್ತೆ ಕಟ್ಟಬಹುದು. ಜಗಳವಾದರೆ ನ್ಯಾಯ ಕೇಳಲು ಸ್ಥಳವೂ ಉಂಟು. ಬಚಾವತ್ ನ್ಯಾಯಮಂಡಳಿಯು ಕೃಷ್ಣೆಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ಜಗಳ ಮುಗಿಯಲಿಲ್ಲ ನಿಜ; ಆದರೆ ಲೆಕ್ಕವೊಂದು ಕಾಗದದ ಮೇಲಿದೆ.

ಆಕಾಶಕ್ಕೆ ಅಂಥ ಲೆಕ್ಕವಿಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿಯು ಸುಮಾರು ಎರಡು ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಮೇಲಕ್ಕೆ ಚಿಮ್ಮಿಸಿತು. ಅದರಿಂದ ಹುಟ್ಟಿದ ಸಣ್ಣ ಹನಿಗಳ ತೆರೆ ಬಿಸಿಲನ್ನು ಹಿಂದಕ್ಕೆ ಚದುರಿಸಿ, ಮರುವರ್ಷ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಣಿಸಿತು. ನಾವೂ ಹಾಗೆ ಮಾಡಿದರೇನು ಎಂಬ ವಿಚಾರ, ನೊಬೆಲ್ ಪುರಸ್ಕೃತ ಪಾಲ್ ಕ್ರಟ್ಜನ್ 2006ರಲ್ಲಿ ಅದನ್ನು ಕುರಿತು ಬರೆದ ಮೇಲೆ, ಗಂಭೀರ ಚರ್ಚೆಗೆ ಬಂತು.

ಈ ಚರ್ಚೆಯಲ್ಲಿ ಬೆಂಗಳೂರಿಗೂ ಪಾಲುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದಸ್ವಾಮಿ ಬಾಲ ಅವರು ಅಮೆರಿಕದಲ್ಲಿದ್ದಾಗ ಕೆನ್ ಕಾಲ್ಡೈರಾ ಜೊತೆ 2000ದಲ್ಲಿ ಪ್ರಕಟಿಸಿದ ಗಣಕಯಂತ್ರದ ಅಧ್ಯಯನವು, ಬಿಸಿಲು ಸುಮಾರು ನೂರಕ್ಕೆ 1.8ರಷ್ಟು ತಗ್ಗಿದರೆ, ಇಮ್ಮಡಿಯಾದ ಇಂಗಾಲಾಮ್ಲದ ಬಿಸಿಯನ್ನು ಬಹುಮಟ್ಟಿಗೆ ಸರಿತೂಗಿಸಬಹುದೆಂದು ತೋರಿಸಿತು. ಆದರೆ ಅವರದೇ 2008ರ ಅಧ್ಯಯನವು, ಹೀಗೆ ಮಾಡಿದರೆ ಜಗತ್ತಿನ ಸರಾಸರಿ ಮಳೆ ಕುಗ್ಗುವುದೆಂದು ಎಚ್ಚರಿಸಿತು. ಉತ್ತರಾರ್ಧಗೋಳದಲ್ಲಿ ಮಾತ್ರ ತೆರೆ ಹರಡಿದರೆ ಮಳೆಯ ಪಟ್ಟಿ ದಕ್ಷಿಣಕ್ಕೆ ಜರುಗಿ ನಮ್ಮ ಮುಂಗಾರು ಸೊರಗಬಹುದೆಂದೂ ಇಂಥ ಅಧ್ಯಯನಗಳು ಹೇಳುತ್ತವೆ. ಎಲ್ಲೋ ಹಾರಿದ ವಿಮಾನದಿಂದ ಮಹಾಬಲೇಶ್ವರದ ಮಳೆ ತಗ್ಗಿದರೆ ಆಲಮಟ್ಟಿಯವರೂ ವಿಜಯವಾಡದವರೂ ಯಾವ ನ್ಯಾಯಮಂಡಳಿಗೆ ಹೋಗಬೇಕು?

ಆದ್ದರಿಂದಲೇ ವಿರೋಧ ಬಲವಾಗಿದೆ. ಔಷಧವಿದೆಯೆಂದರೆ ಪಥ್ಯ ಬಿಡುತ್ತಾರೆ, ಹೊಗೆ ಕಡಿಮೆ ಮಾಡುವ ಕೆಲಸ ಹಿಂದೆ ಬೀಳುತ್ತದೆ ಎಂಬುದು ಒಂದು ವಾದ. ನಡುವೆ ನಿಲ್ಲಿಸಿದರೆ ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಎರಗುವುದೆಂಬುದು ಇನ್ನೊಂದು. ಹಾರ್ವರ್ಡಿನ ವಿಜ್ಞಾನಿಗಳು 2021ರಲ್ಲಿ ಸ್ವೀಡನ್ನಿನಲ್ಲಿ ಬಲೂನೊಂದನ್ನು ಬರಿಯ ಉಪಕರಣ ಪರೀಕ್ಷೆಗಾಗಿ ಹಾರಿಸಹೊರಟಾಗ ಅಲ್ಲಿನ ಮೂಲನಿವಾಸಿ ಸಾಮಿ ಜನರ ಪರಿಷತ್ತು ಒಪ್ಪಲಿಲ್ಲ. ಪರೀಕ್ಷೆ ನಿಂತಿತು, 2024ರಲ್ಲಿ ಆ ಯೋಜನೆಯೇ ಮುಗಿಯಿತು. ಇದು ನಾರದನ ಪಕ್ಷ. ಅದನ್ನು ಹಗುರವಾಗಿ ಕಾಣುವಂತಿಲ್ಲ.

ಆದರೂ ಸಂಶೋಧನೆಯೆಂದರೆ ಪ್ರಯೋಗಕ್ಕೆ ಮೊದಲ ಮೆಟ್ಟಿಲೆಂದೇ ತಿಳಿಯಬೇಕಾಗಿಲ್ಲ. 2009ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯೂ ಜರ್ಮನಿಯ ಸಂಸ್ಥೆಯೊಂದೂ ಸೇರಿ ಲೋಹಾಫೆಕ್ಸ್ ಎಂಬ ಪ್ರಯೋಗ ನಡೆಸಿದವು. ಲೋಹ ಅಂದರೆ ಕಬ್ಬಿಣ. ದಕ್ಷಿಣ ಸಾಗರಕ್ಕೆ ಕಬ್ಬಿಣದ ಲವಣ ಹಾಕಿ ಪಾಚಿ ಬೆಳೆಸಿದರೆ ಅದು ಇಂಗಾಲವನ್ನು ಹೀರಿ ತಳಕ್ಕೆ ಒಯ್ಯುವುದೆ ಎಂಬುದು ಪರೀಕ್ಷೆ. ಹಡಗು ಹೊರಟ ಮೇಲೆ ಜರ್ಮನ್ ಸರ್ಕಾರ ತಡೆಯಿತು. ಮರುಪರಿಶೀಲನೆಯಾಗಿ ಅನುಮತಿ ಸಿಕ್ಕಿತು. ಪಾಚಿ ಬೆಳೆಯಿತು, ಸಣ್ಣ ಜಲಜೀವಿಗಳು ಅದನ್ನು ಮೇಯ್ದವು, ತಳಕ್ಕಿಳಿದ ಇಂಗಾಲ ಅತ್ಯಲ್ಪ. ಅಗ್ಗದ ಉಪಾಯವೆಂದು ಹೊಗಳಿಸಿಕೊಂಡಿದ್ದ ಒಂದು ಆಸೆಗೆ ಹೀಗೆ ಸಂಶೋಧನೆಯೇ ಕಡಿವಾಣ ಹಾಕಿತು.

ನಮ್ಮ ಮೋಡಬಿತ್ತನೆಯ ಕಥೆಯೂ ಇದನ್ನೇ ಹೇಳುತ್ತದೆ. ಅದು ಜಗತ್ತಿನ ಹವೆಯನ್ನು ತಿದ್ದುವುದಲ್ಲ, ಊರಿನ ಮಳೆಯನ್ನಷ್ಟೇ. ಕರ್ನಾಟಕವು 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂದು ಬರಗಾಲದಲ್ಲಿ ವಿಮಾನ ಹಾರಿಸಿತು. ಮಳೆ ಬಂದಾಗ ಅದು ಬಿತ್ತನೆಯಿಂದಲೋ ವರುಣನ ಕೃಪೆಯಿಂದಲೋ ಎಂಬ ತಕರಾರು ತಪ್ಪಲಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಗಡಿನಾಡ ಸೋಲಾಪುರದಲ್ಲಿ ಕೆಲವು ಮೋಡಗಳಿಗೆ ಬಿತ್ತಿ, ಕೆಲವನ್ನು ಹಾಗೆಯೇ ಬಿಟ್ಟು, ಹೋಲಿಸಿ ನೋಡಿದರು. ಸರಾಸರಿ ನೂರಕ್ಕೆ ಸುಮಾರು 18ರಷ್ಟು ಹೆಚ್ಚು ಮಳೆಯೆಂದು ಅವರು 2023ರಲ್ಲಿ ಪ್ರಕಟಿಸಿದರು. ಸೋಲಾಪುರದ ಮಳೆ ಭೀಮೆಗಿಳಿದು, ಕೃಷ್ಣೆಯನ್ನು ಸೇರಿ, ಇಂದ್ರಕೀಲಾದ್ರಿಯ ಬುಡಕ್ಕೇ ಬರಬೇಕು.

2024ರ ಸೆಪ್ಟೆಂಬರಿನಲ್ಲಿ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯುಸೆಕ್ಸಿಗೂ ಮೀರಿ ನೀರು ಹರಿಯಿತು. ಬುಡಮೇರು ಹಳ್ಳವೂ ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಕಾಯುತ್ತಿರುವ ಭೂಮಿಯಲ್ಲಿ ಇಂಥ ಮಳೆ ಹೆಚ್ಚುವುದೆಂದು ವಿಜ್ಞಾನ ಹೇಳುತ್ತಿರುವಾಗ, ಅಸ್ತ್ರದ ಗುಣದೋಷವನ್ನು ತಿಳಿಯದಿರುವುದೂ ಕ್ಷೇಮವಲ್ಲ. ಆ ತಿಳಿವಳಿಕೆ ಬಲ್ಲಿದ ದೇಶಗಳ ಕೈಯಲ್ಲಷ್ಟೇ ಉಳಿದರೆ ನಮ್ಮ ಮುಂಗಾರಿನ ಪರವಾಗಿ ಮಾತನಾಡುವವರು ಯಾರು? 2024ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಈ ಬಗ್ಗೆ ಒಂದು ನಿರ್ಣಯಕ್ಕೂ ಬರಲಾಗದೆ ಚದುರಿತು.

ಗಣಕಯಂತ್ರದಲ್ಲಿ, ಪ್ರಯೋಗಶಾಲೆಯಲ್ಲಿ, ಎಲ್ಲರಿಗೂ ಕಾಣುವಂತೆ ಅಧ್ಯಯನ ನಡೆಯಲಿ. ಮಳೆಯನ್ನೇ ನಂಬಿದ ದೇಶಗಳ ವಿಜ್ಞಾನಿಗಳು ಅದರಲ್ಲಿ ಮುಂದಿರಲಿ. ಬಯಲಿನ ಪ್ರಯೋಗಕ್ಕೆ ಮಾತ್ರ, ಅದರ ಫಲ ಉಣ್ಣಬೇಕಾದ ಜನರ ಒಪ್ಪಿಗೆ ಮೊದಲು ಬೇಕು. ಹೊಗೆಯನ್ನು ತಗ್ಗಿಸುವ ಕೆಲಸಕ್ಕಂತೂ ಯಾವ ಅಸ್ತ್ರವೂ ಬದಲಿಯಲ್ಲ. ಅರ್ಜುನನು ಅಸ್ತ್ರವನ್ನು ಪಡೆದದ್ದು ತಪ್ಪೆಂದು ನಾರದನು ಹೇಳಲಿಲ್ಲ. ಪ್ರದರ್ಶನಕ್ಕೆ ಹೂಡಬೇಡವೆಂದಷ್ಟೇ ಹೇಳಿದನು.